ಅಪ್ಪನ ಬಿಳಿ ಮರ

ಬೀದಿಯವರೆಲ್ಲ ಅವಳನ್ನು ಟೈಲರಮ್ಮ ಎಂದೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲಿ, ಪಡುವಣ ಕಿಟಕಿಗೆ ಒತ್ತಿಕೊಂಡಂತೆ ಅವಳ ಹೊಲಿಗೆ ಯಂತ್ರ. ಪಕ್ಕದಲ್ಲಿ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಮೂವತ್ತು ವರ್ಷ ಅಲ್ಲೇ ಕೂತು ಊರಿನ ಅರ್ಧ ಜನರ ಸೊಂಟದಳತೆಯನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಅರವತ್ತು ತುಂಬಿದ ವರ್ಷ ಅವಳಿಗೊಂದು ಆಸೆ ಹುಟ್ಟಿತು. ಆ ಕಿಟಕಿಯಿಂದ ಕಾಣುವ ಹಾಗೆ ಒಂದು ಬರ್ಚ್ ಮರ ಬೆಳೆಸಬೇಕು, ಅದೂ ಹಾಲಿನಂಥ ಬಿಳಿ ಕಾಂಡದ್ದು.

ಅವಳ ಅಪ್ಪ ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಳ್ಳುತ್ತಿದ್ದವರು. ಅವಳು ಕೈಗೂಸಾಗಿದ್ದಾಗ ಅವರಿಗೆ ಹಿಮ ಬೀಳುವ ಬೆಟ್ಟದೂರಿನಿಂದ ಬಯಲಿನ ಬಿಸಿಲೂರಿಗೆ ವರ್ಗವಾಯಿತು. ಅಲ್ಲಿನ ಕ್ವಾರ್ಟರ್ಸಿನ ಹಿತ್ತಲಲ್ಲಿ, ನೀರಿನ ತೊಟ್ಟಿಯ ಪಕ್ಕ, ಅಪ್ಪ ನೆಟ್ಟ ಬರ್ಚ್ ಇತ್ತು. ಸಂಜೆಯಾದರೆ ಅಮ್ಮ ಅದರ ಬುಡದಲ್ಲಿ ಕೂತು ಅವಳ ತಲೆ ಬಾಚುತ್ತಿದ್ದಳು. ಸಣ್ಣ ಗಾಳಿಗೂ ಎಲೆಗಳೆಲ್ಲ ಒಟ್ಟಿಗೆ ಪಿಸುಗುಡುತ್ತಿದ್ದವು. ಆ ಮನೆಯ ಗೋಡೆ, ಬಾಗಿಲು ಎಲ್ಲ ಮರೆತುಹೋಗಿದ್ದರೂ ಮರದ ಬಿಳುಪು ಮಾತ್ರ ಕಣ್ಣಿಗೆ ಕಟ್ಟಿದಂತಿತ್ತು.

ನರ್ಸರಿಯವನು ಅವಳ ಮಾತು ಕೇಳಿ ತಲೆ ಕೆರೆದುಕೊಂಡ.

"ಟೈಲರಮ್ಮ, ಬಿಳಿ ಬರ್ಚು ಚಳಿ ಊರಿನ ಗಿಡ. ಅದರ ಬೇರು ಮೇಲ್ಮೇಲೇ ಹರಡೋದು, ಮಣ್ಣು ಕಾದ್ರೆ ತಡೆಯಲ್ಲ. ನಮ್ಮ ಸೆಕೆಗೆ ಹೊಳೆ ದಡದಲ್ಲಿ ಬೆಳೆಯೋ ಕಂದು ಬರ್ಚ್ ಹಾಕಿ. ಸಿಪ್ಪೆ ಸುರುಳಿ ಸುರುಳಿಯಾಗಿ ಏಳುತ್ತೆ, ಲಕ್ಷಣವಾಗಿರುತ್ತೆ."

"ನಮ್ಮಪ್ಪ ಇಂಥದ್ದೇ ಸೆಕೆಯಲ್ಲಿ ಬಿಳೀದು ಬೆಳೆಸಿದ್ರು ಕಣಪ್ಪ. ನಾನೇ ಕಣ್ಣಾರೆ ನೋಡಿದೀನಿ. ನಿನಗೆ ತರಿಸೋಕಾಗುತ್ತೋ ಇಲ್ವೋ, ಅಷ್ಟು ಹೇಳು."

ಅವನು ತರಿಸಿಕೊಟ್ಟ. ಮಧ್ಯಾಹ್ನದ ಬಿಸಿಲು ತಾಗದಂತೆ ಮನೆಯ ಪೂರ್ವಕ್ಕೆ ನೆಡಿ ಎಂದೂ ಹೇಳಿದ. ಅಲ್ಲಿ ನೆಟ್ಟರೆ ತನ್ನ ಕಿಟಕಿಗೆ ಕಾಣುವುದಿಲ್ಲವಲ್ಲ! ಟೈಲರಮ್ಮ ಕಿಟಕಿಯೆದುರೇ ನೆಟ್ಟಳು.

ಮೊದಲ ವರ್ಷ ಗಿಡ ನಗುನಗುತ್ತಾ ಇತ್ತು. ಎರಡನೇ ಬೇಸಿಗೆಗೆ ಎಲೆಯಂಚುಗಳು ಸುಟ್ಟವು. ಅವಳು ಬುಡಕ್ಕೆ ಒದ್ದೆ ಗೋಣಿಚೀಲ ಹೊದಿಸಿದಳು, ಹೊತ್ತು ಹೊತ್ತಿಗೆ ನೀರುಣಿಸಿದಳು. ಆದರೂ ಮೂರನೇ ವರ್ಷ ತುದಿಯಿಂದ ಒಣಗುತ್ತಾ ಬಂತು. ನರ್ಸರಿಯವನು ಬಂದು ಕಾಂಡದಲ್ಲಿದ್ದ ಸಣ್ಣ ತೂತುಗಳನ್ನು ತೋರಿಸಿ, "ಕೊರೆಯೋ ಹುಳು. ಸೊರಗಿದ ಮರಾನೇ ಹುಡುಕ್ಕೊಂಡು ಬರುತ್ತೆ," ಎಂದವನೇ ಗರಗಸ ಎತ್ತಿಕೊಂಡ. ಆವತ್ತು ಅವಳು ಒಂದು ಅಂಗಿಗೆ ಎಡತೋಳನ್ನು ಬಲಕ್ಕೆ ಹೊಲಿದುಬಿಟ್ಟಳು.

ಅದೇ ತಿಂಗಳು ಅವಳಿಗಿಂತ ಎಂಟು ವರ್ಷ ದೊಡ್ಡವನಾದ ಅಣ್ಣ ನಾಲ್ಕು ದಿನ ಇದ್ದುಹೋಗಲು ಬಂದ. ಅವಳು ಅವನಿಗೆ ಮೋಟುಬುಡ ತೋರಿಸಿದಳು.

"ಅಪ್ಪನ ಕೈಗುಣ ನನಗೆ ಬರಲಿಲ್ಲ ಅಣ್ಣ."

ಅಣ್ಣ ಅವಳ ಮುಖವನ್ನೇ ನೋಡಿದ. "ಪುಟ್ಟಿ, ಅಪ್ಪನ ಮರ ಬಿಳೀದಾಗಿರಲಿಲ್ಲ ಕಣೇ."

"ಏನಂತೀಯ? ನನಗೆ ನೆನಪಿಲ್ವಾ?"

"ಬಿಳೀದು ಎರಡು ನೆಟ್ಟಿದ್ರು, ಎರಡೂ ಒಣಗಿದವು. ಬೆಟ್ಟದೂರಿನ ಬಿಳಿ ಮರಗಳ ನೆನಪಾಗಿ ಅಮ್ಮ ಮಂಕಾಗಿ ಕೂತುಬಿಡ್ತಿದ್ಲು. ಆಮೇಲೆ ಅಪ್ಪ ಹೊಳೆ ಕಡೆಯಿಂದ ಕಂದು ಬರ್ಚ್ ತಂದು ಹಾಕಿದ್ರು. ವರ್ಷಕ್ಕೊಂದ್ಸಲ ಸ್ಟೇಷನ್ನಿಗೆ ಬಳಿದು ಉಳಿದ ಸುಣ್ಣ ತಂದು ಕಾಂಡಕ್ಕೆ ಬಳೀತಿದ್ರು. ನಾನೇ ಏಣಿ ಹಿಡೀತಿದ್ದೆ."

ಅವಳು ಮೆಲ್ಲಗೆ ಕೇಳಿದಳು, "ಪಾಪ, ಅಮ್ಮನಿಗೆ ಗೊತ್ತಿರಲಿಲ್ವಾ?"

"ಗೊತ್ತಿಲ್ದೆ ಏನು! ಸುಣ್ಣ ಕಲಸ್ತಿದ್ದೋಳೇ ಅವಳು. ಕೆಳಗೆ ನಿಂತ್ಕೊಂಡು, 'ತೆಳ್ಳಗಾಯ್ತು, ಇನ್ನೊಂದು ಕೈ ಎಳೀರಿ' ಅಂತ ಅಪ್ಪನ್ನ ಗೋಳು ಹೊಯ್ಕೊಳ್ಳೋಳು. ಒಣಗೋ ಮೊದಲೇ ನೀನು ಹೋಗಿ ಒರಗಿ, ಬೆನ್ನೆಲ್ಲ ಬೆಳ್ಳಗೆ ಮಾಡ್ಕೊಂಡು ಬರ್ತಿದ್ದೆ."

ಮೊದಲು ಅವಳಿಗೆ ಯಾರೋ ಕೈಯಿಂದ ಏನನ್ನೋ ಕಿತ್ತುಕೊಂಡಂತಾಯಿತು. ಆಮೇಲೆ ನಗು ಬಂತು. ತಡೆಯಲಾರದ ನಗು, ಕಣ್ಣಲ್ಲಿ ನೀರು ಬರುವಷ್ಟು. ಏಣಿಯ ಮೇಲಿನ ಅಪ್ಪ, ಸುಣ್ಣದ ಕೈಯಲ್ಲೇ ಕೂದಲು ಹಿಂದೆ ಸರಿಸಿಕೊಳ್ಳುವ ಅಮ್ಮ. ಇಬ್ಬರಿಗೂ ಆಗಿನ್ನೂ ಮೂವತ್ತೈದು ದಾಟಿರಲಿಲ್ಲ. ತನಗಿಂತ ಅಷ್ಟು ಚಿಕ್ಕವರಾಗಿ ಅವರನ್ನು ಅವಳು ಎಂದೂ ಕಂಡಿರಲಿಲ್ಲ.

ಮರುದಿನ ಅಣ್ಣತಂಗಿ ಇಬ್ಬರೂ ನರ್ಸರಿಗೆ ಹೋದರು.

"ಅವತ್ತು ನೀನು ಹೇಳಿದ ಗಿಡಾನೇ ಕೊಡಪ್ಪ."

"ಎಲ್ಲಿ ನೆಡ್ತೀರ?" ಎಂದ ಅವನು ಹುಷಾರಾಗಿ.

"ಪೂರ್ವಕ್ಕೆ. ಇನ್ನೆಲ್ಲಿ?"

ನೆಟ್ಟು, ಬುಡದ ಸುತ್ತ ಒಣಗಿದೆಲೆ ಹಾಸಿದ ಮೇಲೆ ಹೊಲಿಗೆ ಯಂತ್ರವೂ ಹಿಂದಿನ ಕೋಣೆಯ ಮೂಡಣ ಕಿಟಕಿಯ ಬಳಿಗೆ ಹೊರಟಿತು. ಮೇಜು ಬಾಗಿಲಲ್ಲಿ ತೂರದೆ, ಅಣ್ಣ ಅರ್ಧ ದಿನ ಬೆವರಿಳಿಸಿ ಅದರ ಕಾಲು ಬಿಚ್ಚಬೇಕಾಯಿತು.

ಈಗ ಆ ಮರ ಸೂರು ಮುಟ್ಟಿದೆ. ಬೆಳಗಿನ ಬಿಸಿಲಿಗೆ ಸುರುಳಿ ಸಿಪ್ಪೆ ತಾಮ್ರದಂತೆ ಹೊಳೆಯುತ್ತದೆ. ಗಾಳಿ ಬಂದಾಗ ಯಂತ್ರ ನಿಲ್ಲಿಸಿ ಅವಳು ಕಿವಿಗೊಡುತ್ತಾಳೆ. ಬಟ್ಟೆ ಕೊಡಲು ಬಂದ ಹೆಂಗಸರು ಕಿಟಕಿಯ ಹತ್ತಿರ ಕೂತರೆ ಬೇಗ ಏಳುವುದಿಲ್ಲ. ಅವಳೂ ಅವರನ್ನು ಎಬ್ಬಿಸುವುದಿಲ್ಲ.