ಅರ್ಧ ಖರ್ಜೂರ

"ಈಗ ನಿಮ್ಮಬ್ಬಾ ಎಲ್ಲಿರ್ತಾರೆ?" ಜಹನಾರಾ ಮತ್ತೆ ಕೇಳಿದಳು. ಮಧ್ಯಾಹ್ನದಿಂದ ಅವಳಿಗೆ ಅದೊಂದೇ ಜಪ.

ಎಂಟನೇ ಕ್ಲಾಸಿನ ಸಾಮಿಯಾ ಅಟ್ಲಾಸಿನ ಮೇಲೆ ಬೆರಳಾಡಿಸಿದಳು. "ಬಾಂಬೆಯಿಂದ ಲಂಡನ್‌ಗೆ ಏಳು ಸಾವಿರ ಕಿಲೋಮೀಟರ್, ಅಮ್ಮೀ. ಒಂಬತ್ತೂವರೆ ಗಂಟೆ. ಈಗಿನ್ನೂ ಅರ್ಧ ದಾರಿ."

ಶಿವಾಜಿನಗರದ ಆ ಗಲ್ಲಿಯಲ್ಲಿ ಸಮೋಸ ಕರಿಯುವ ವಾಸನೆ ಎದ್ದಿತ್ತು. ಇಫ್ತಾರಿಗೆ ಹೆಚ್ಚು ಹೊತ್ತಿರಲಿಲ್ಲ. ಅವಳ ಗಂಡ ಅಫ್ತಾಬ್ ಬೆಳಿಗ್ಗೆಯೇ ಹೊರಟಿದ್ದ. ಲಂಡನ್ನಿನಲ್ಲಿ ಅವನ ಅಣ್ಣನ ಟೈಲರಿಂಗ್ ಅಂಗಡಿ, ಎರಡು ವರ್ಷದ ಕೆಲಸ. ಬೇಡವೆಂದು ಅತ್ತು ಕರೆದು ಸಾಕಾಗಿ ಜಹನಾರಾ, "ಹೋಗಿ, ಅಲ್ಲೇ ಇದ್ಬಿಡಿ!" ಎಂದುಬಿಟ್ಟಿದ್ದಳು. ಅಂದಿನಿಂದ ಮಹಾರಾಯ ತುಟಿ ಬಿಚ್ಚಿರಲಿಲ್ಲ. ಪ್ರಯಾಣಿಕರಿಗೆ ರೋಜಾದ ಉಪವಾಸದಿಂದ ವಿನಾಯಿತಿ ಉಂಟು; ಹಟಕ್ಕೆ ಬಿದ್ದು ರೋಜಾ ಹಿಡಿದೇ ವಿಮಾನ ಹತ್ತಿದ್ದ.

ಮದುವೆಯಾದಾಗಿನಿಂದ ರಂಜಾನಿನ ಪ್ರತಿ ಸಂಜೆ ಇಬ್ಬರಿಗೂ ಸೇರಿ ಒಂದೇ ಖರ್ಜೂರ. ಬೀಜವಿರುವ ಅರ್ಧ ಅವನಿಗೆ. ಚೀಪುತ್ತಾ ಕೂರುವುದು ಅವನಿಗಿಷ್ಟ. ಇಂದು ಆ ಅರ್ಧವನ್ನು ಕಾಗದದಲ್ಲಿ ಸುತ್ತಿ ಅವನ ಕೋಟಿನ ಜೇಬಿಗೆ ಹಾಕಿದ್ದಳು. ಅದನ್ನು ತಿಂದರೆ ಸಿಟ್ಟು ಇಳಿದಂತೆ. ಎಸೆದರೆ? ಮುಂದಕ್ಕೆ ಯೋಚಿಸಲು ಅವಳಿಗೆ ಭಯವಾಗುತ್ತಿತ್ತು.

"ಪ್ಲೇನು ಸೂರ್ಯನ ಹಿಂದೇನೇ ಓಡ್ತಾ ಇರುತ್ತೆ. ಅಬ್ಬಾಗೆ ಇನ್ನೂ ಬಿಸಿಲು," ಎಂದಳು ಸಾಮಿಯಾ.

ಜಹನಾರಾ ಕಣ್ಣು ಮುಚ್ಚಿದಳು. ಹತ್ತಿಯಂಥ ಮೋಡ, ಸಣ್ಣ ಕಿಟಕಿ, ಎದ್ದು ಹೋಗಲೊಲ್ಲದ ನೆಂಟನ ಹಾಗೆ ಅಲ್ಲೇ ಕುಳಿತ ಸೂರ್ಯ. ಆ ಬೆಳಕಿನಲ್ಲಿ ಅವನ ಮುಖವೊಂದು ಮಾತ್ರ ಕಾಣಲಿಲ್ಲ.

ಮಸೀದಿಯಿಂದ ಆಜಾನ್ ಕೇಳಿಸಿತು. ಅವಳು ನೀರು ಕುಡಿದು ರೋಜಾ ಬಿಟ್ಟಳು. ತನ್ನ ಅರ್ಧ ಖರ್ಜೂರವನ್ನು ಮಾತ್ರ ಅಂಗೈಯಲ್ಲೇ ಇಟ್ಟುಕೊಂಡಳು.

"ತಿನ್ನಿ ಅಮ್ಮೀ, ಇಲ್ಲಿ ಮುಳುಗಿದ್ರೆ ಆಯ್ತಲ್ಲ!"

"ಅವರಿಗೂ ಮುಳುಗ್ಲಿ."

ಕಾಯುತ್ತಾ ಕಾಯುತ್ತಾ ಅಲ್ಲೇ ನಿದ್ದೆ ಹತ್ತಿತು. ಸಾಮಿಯಾ ತಾಯಿಯ ಕೈ ಬಿಡಿಸಿ ಅದನ್ನು ತಟ್ಟೆಯಲ್ಲಿಟ್ಟಳು.

ಮರುದಿನ ನಡುಹಗಲಿನ ಹೊತ್ತಿಗೆ ಮೂಲೆಯ ಎಸ್‌ಟಿಡಿ ಬೂತಿನ ಮುನಿಶಾಮಿ ಕೂಗಿದ. "ಜಹನಾರಮ್ಮಾ, ಫಾರಿನ್ ಫೋನು! ಬೇಗ ಬನ್ನಿ!"

ಚಪ್ಪಲಿಯನ್ನೂ ಮೆಟ್ಟದೆ ಓಡಿದಳು.

"ತಲುಪಿದೆ," ಎಂದ ಅಫ್ತಾಬ್. ಆಮೇಲೆ ಬರೀ ಗೊರಗೊರ ಸದ್ದು. ಲೈನು ಕಟ್ಟಾಯಿತೇನೋ ಎಂದು ಅವಳು ರಿಸೀವರನ್ನು ಕಿವಿಗೆ ಒತ್ತಿ ಹಿಡಿದಳು.

"ಜಹನ್, ಆ ಕಿಟಕೀಲಿ ಸೂರ್ಯ ಅಲ್ಲಾಡ್ಲೇ ಇಲ್ಲ ಕಣೇ. ವಾಚಲ್ಲಿ ಇನ್ನೂ ನಮ್ಮೂರ ಟೈಮಿತ್ತು. ಗಲ್ಲಿ ಮಸೀದೀಲಿ ಈಗ ಆಜಾನ್ ಆಗುತ್ತೆ ಅಂತ ತಿಂದ್ಬಿಟ್ಟೆ."

"ಬಿಸಿಲಲ್ಲೇ?"

"ಬಿಸಿಲಲ್ಲೇ."

"ಯಾ ಅಲ್ಲಾ! ನೀವಿದ್ದ ಕಡೆ ಮುಳುಗ್ಬೇಕಿತ್ತಲ್ರೀ! ರೋಜಾ ಕೆಟ್ಟೋಯ್ತು."

"ಗೊತ್ತು. ಒಂದು ರೋಜಾ ಬಾಕಿ ಬಿತ್ತು. ಊರಿಗೆ ಬಂದು, ನಿನ್ನ ಜೊತೇಲೇ ಇಡ್ತೀನಿ. ನೀನೊಬ್ಬಳೇ ತಿನ್ತಾ ಇರ್ತೀಯ ಅನ್ನಿಸ್ತು, ತಡ್ಕೊಳ್ಳೋಕಾಗ್ಲಿಲ್ಲ."

ಜಹನಾರಾ ಸಂತೋಷಕ್ಕೆ ನಕ್ಕುಬಿಟ್ಟಳು. ತಾನು ತಿನ್ನಲೇ ಇಲ್ಲವೆಂದು ಮಾತ್ರ ಹೇಳಲಿಲ್ಲ.

"ಬೀಜ?" ಎಂದಳು.

"ಜೇಬಲ್ಲಿದೆ."

ಮನೆಗೆ ಬಂದು ನೋಡಿದರೆ ಅವಳ ಅರ್ಧ ತಟ್ಟೆಯಲ್ಲಿ ಹಾಗೇ ಇತ್ತು. ಈಗ ತಿನ್ನುವ ಹಾಗಿಲ್ಲ, ಇವತ್ತಿನ ರೋಜಾ ನಡೆದಿದೆ. ಇರುವೆ ಮುತ್ತದಂತೆ ಅದರ ಮೇಲೊಂದು ಬಟ್ಟಲು ಕವುಚಿ, ಹೊಸ್ತಿಲಿಗೆ ಬಂದು ಕುಳಿತಳು. ಸೂರ್ಯ ನೆತ್ತಿಯ ಮೇಲಿದ್ದ, ಅಲ್ಲಾಡುವಂತೆ ಕಾಣಲಿಲ್ಲ.