ಉಡಿ ಅಕ್ಕಿ

ಉಡಿಯೊಳಗೆ ಐದನೆಯ ಬೊಗಸೆ ಅಕ್ಕಿ ಬಿದ್ದಾಗ ಶಿವಲೀಲಾಳಿಗೆ ಅನುಮಾನ ಬಂತು. ಪಂಚಮಿಯಲ್ಲ, ಬಸುರಿ ಬಯಕೆಯಲ್ಲ, ಮನೆಯಲ್ಲಿ ಮದುವೆ ಗಿದುವೆ ಏನೂ ಇಲ್ಲ. ಅಂಥಾದ್ದರಲ್ಲಿ ಅಣ್ಣ ಹುಲುಗಣ್ಣ ಹೆಂಡತಿ ಕೊಟ್ರಮ್ಮನನ್ನು ಕಟ್ಟಿಕೊಂಡು, ಶುಕ್ರವಾರ ಹನ್ನೊಂದು ಗಂಟೆಗೆ ಕೂಡ್ಲಿಗಿಯಿಂದ ಕೊಟ್ಟೂರಿಗೆ, ಅದೂ ಮನೆಗಲ್ಲ, ಅವಳ ಆಫೀಸಿಗೇ ಬಂದಿದ್ದಾನೆ. ಕಂಪ್ಯೂಟರ್ ಮುಂದಿನ ಕುರ್ಚಿಯ ಮೇಲೆ ಕೂಡಿಸಿ ಉಡಿ ತುಂಬಿಸುತ್ತಿದ್ದಾನೆ. ಅಕ್ಕಿ, ಕಾಯಿ, ಅಡಿಕೆ, ಅರಿಷಿಣದ ಕೊಂಬು, ಹಸಿರು ಖಣ, ಯಾವುದಕ್ಕೂ ಕಡಿಮೆ ಮಾಡಿರಲಿಲ್ಲ.

ಉಡಿ ತುಂಬಿಸಿಕೊಂಡವಳು ಏಳುವ ಮೊದಲು ಮೂರು ಹಿಡಿ ಅಕ್ಕಿಯನ್ನು ತಟ್ಟೆಗೆ ತಿರುಗಿ ಹಾಕಬೇಕು, ತವರು ತಣ್ಣಗಿರಲಿ ಅಂತ. ಉಳಿದದ್ದು ತವರಿನ ನಂಟು, ಅದನ್ನು ಮನೆಗೆ ಒಯ್ಯಬೇಕು. ಶಿವಲೀಲಾ ಇನ್ನೂ ಹಿಡಿ ತುಂಬಿರಲಿಲ್ಲ. ಹುಲುಗಣ್ಣ ಚೀಲದಿಂದ ಕೆಂಪು ಫೈಲು ತೆಗೆದು ಕೀಲಿಮಣೆಯ ಮೇಲೆ ಇಟ್ಟ.

"ಮೂರು ಕಡಿ ಗುರ್ತು ಹಾಕ್ಯಾರ. ಅಲ್ಲಲ್ಲೇ ಸಹಿ ಮಾಡವ್ವ."

"ಎಂಥಾ ಸಹಿ ಅಣ್ಣ?"

"ನಿನ್ನ ಕಂಪನಿ ನನ್ನ ಹೆಸರಿಗೆ ಮಾಡಾದು. ದುಬೈದು ಇನ್ವೆಸ್ಟರ್ ವೀಸಾ ಕೊಡ್ತಾರ. ಹೊಸಾ ಕಂಪನಿ ತೆಗೆದ್ರ ನಂಬಂಗಿಲ್ಲಂತ, ನಾಕಾರು ವರ್ಸ ನಡದಿದ್ದು, ಮಂದಿ ಕೆಲಸ ಮಾಡೋದು ಬೇಕಂತ ಏಜೆಂಟು ಹೇಳ್ಯಾನ. ಮನ್ಯಾಗ ಸಾಫ್ಟ್‌ವೇರ್ ಕಂಪನಿ ಇಟ್ಕಂಡು ಹೊರಗ ಯಾಕ ಕೊಂಡ್ಕೋಬೇಕು?"

ಕಂಪನಿ ಅಂದರೆ ಏನು ಮಹಾ, ದಸ್ತಗಿರಿಯ ಮೋಟಾರ್ ವೈಂಡಿಂಗ್ ಅಂಗಡಿಯ ಮೇಲಿನ ಒಂದು ಕೋಣೆ, ನಾಲ್ಕು ಕಂಪ್ಯೂಟರು, ಮೂರು ಹುಡುಗಿಯರು. ಹೆಸರು 'ಹಿಂಡು'. ಅಲೆಯುವ ಕುರಿಗಾರರ ಕುರಿಗೆ ಕಿವಿಯೋಲೆ ನಂಬರು ಹಾಕಿ, ರೋಗ ಬಂದರೆ, ಲಾರಿ ಹಾಯ್ದರೆ, ಒಂದು ಫೋಟೊ ಕಳಿಸಿದ ಕೂಡಲೇ ಹತ್ತಿರದ ಡಾಕ್ಟರಿಗೂ ಕುರಿಗಾರರ ಸಂಘಕ್ಕೂ ಸುದ್ದಿ ಮುಟ್ಟುವ ಹಾಗೆ ಶಿವಲೀಲಾ ಆರು ವರ್ಷ ಕೂತು ಮಾಡಿದ್ದು. ಮೊದಲ ಎರಡು ವರ್ಷ ನಕ್ಕವರೇ ಎಲ್ಲ. ಈಗ ಹಡಗಲಿಯಿಂದ ಉಚ್ಚಂಗಿದುರ್ಗದವರೆಗೆ ಯಾವ ಹಟ್ಟಿಗೆ ಹೋದರೂ "ನಮ್ಮ ಶಿವಲೀಲಕ್ಕ" ಅನ್ನುತ್ತಾರೆ. ಮಕ್ಕಳಿಲ್ಲದವಳು ಅಂತ ಬೆನ್ನ ಹಿಂದೆ ಆಡಿಕೊಳ್ಳುವವರಿಗೆ ಅವಳು ಈ ಕೋಣೆಯನ್ನೇ ತೋರಿಸುತ್ತಿದ್ದಳು.

"ಇದು ಹೊಲ ಅಲ್ಲಣ್ಣ," ಅಂದಳು.

ಅವಳು ಹಾಗಂದದ್ದಕ್ಕೆ ಕಾರಣವಿತ್ತು. ಅಪ್ಪ ತೀರಿದ ವರ್ಷ ಇದೇ ಅಣ್ಣ ಹೀಗೇ ಉಡಿ ತುಂಬಿಸಿ ರಿಜಿಸ್ಟರ್ ಆಫೀಸಿಗೆ ಕರೆದೊಯ್ದಿದ್ದ. ತನ್ನ ಪಾಲಿನ ಆರು ಎಕರೆಯನ್ನು 'ಅರಿಷಿಣ ಕುಂಕುಮಕ್ಕೆ' ಅಂತ ಬರೆಸಿ ಅವಳು ಬಿಟ್ಟುಕೊಟ್ಟಿದ್ದಳು. ನಮ್ಮ ಕಡೆ ಅಕ್ಕತಂಗಿಯರು ಮಾಡುವುದೇ ಹಾಗೆ. ಹೊಲ ಹೋದರೂ ತವರಿನ ಬಾಗಿಲು ತೆರೆದಿರಲಿ ಅಂತ. ಒಂದು ಖಣಕ್ಕೆ ಆರು ಎಕರೆ ಕೊಟ್ಟವಳು ಇನ್ನೊಂದು ಖಣಕ್ಕೆ ಕಂಪನಿ ಕೊಡುವುದಿಲ್ಲವೇ? ಹುಲುಗಣ್ಣನ ಲೆಕ್ಕ ಅಷ್ಟು ಸೀದಾ ಇತ್ತು.

"ಹೊಲ ಅಲ್ದಿದ್ರೇನು, ತಂಗಿ ಅಲ್ಲೇನು ನೀನು?"

"ತಂಗಿ ಅದೀನಿ. ಸಹಿ ಮಾಡಂಗಿಲ್ಲ."

ಹುಲುಗಣ್ಣ ನಕ್ಕ. ಆಮೇಲೆ ಅವಳು ನಗುತ್ತಿಲ್ಲ ಅಂತ ತಿಳಿಯಿತು. "ಲೇ ಶಿವ್ವಿ, ಊರಾಗ ಫ್ಲೆಕ್ಸ್ ಹಾಕಿಸೀನಲೇ!"

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಅನ್ನುತ್ತಾರಲ್ಲ, ಈ ಪುಣ್ಯಾತ್ಮ ಕುಲಾವಿ ತೊಡಿಸಿ ಊರೆಲ್ಲ ಮೆರೆಸಿಯೂ ಆಗಿತ್ತು. ಕೂಡ್ಲಿಗಿ ಬಸ್‌ಸ್ಟ್ಯಾಂಡಿನ ಎದುರಿಗೆ ಹನ್ನೆರಡು ಅಡಿ ಎತ್ತರದ ಹುಲುಗಣ್ಣ, ಕೋಟು, ಕರಿ ಕನ್ನಡಕ, ಹಿಂದೆ ವಿಮಾನ. 'ಸಾಫ್ಟ್‌ವೇರ್ ಉದ್ಯಮಿ ಹುಲುಗಣ್ಣನವರ ದುಬೈ ಪ್ರಯಾಣ ಸುಖಕರವಾಗಲಿ.' ಕುರಿ ಕೊಯ್ಸಿ ಊಟವನ್ನೂ ಹಾಕಿಸಿದ್ದ. ಪಂಚಾಯ್ತಿ ಎಲೆಕ್ಷನ್ನಿನಲ್ಲಿ ಬಿದ್ದಾಗ ನಕ್ಕ ಮಂದಿಯೇ ಬಂದು ಉಂಡು, ಕೈಕುಲುಕಿ ಹೋಗಿದ್ದರು. ಈಗ ಆ ಫ್ಲೆಕ್ಸಿನ ಕೆಳಗೆ ನಿಂತು ಬಸ್ಸು ಕಾಯುವುದು ಹೇಗೆ?

"ನನಗ ಕೇಳಿ ಹಾಕಿಸಿದ್ದೇನು?" ಅಂದಳು ಶಿವಲೀಲಾ. ಫೈಲು ಮುಚ್ಚಿ ಅವನ ಕಡೆಗೆ ತಳ್ಳಿದಳು.

ಮೊದಲ ಏಟು ಕಿವಿಯ ಮೇಲೆ ಬಿತ್ತು. ಅವಳಿಗೆ ನೋವಿಗಿಂತ ಆಶ್ಚರ್ಯವೇ ಮೊದಲು ಆಯಿತು. ಕಾಲೇಜಿಗೆ ಹೋಗುವಾಗ ದಿನಾ ಸೈಕಲ್ ಮೇಲೆ ಕೂಡಿಸಿಕೊಂಡು ಬಸ್ಸಿಗೆ ಬಿಟ್ಟವನು ಇವನೇ. ಎರಡನೆಯ ಏಟಿಗೆ ಕುರ್ಚಿ ಸಮೇತ ಉರುಳಿದಳು. ಸೊಂಟಕ್ಕೆ ಸಿಕ್ಕಿಸಿದ್ದ ಉಡಿಯ ಒಂದು ತುದಿ ಸಡಿಲಿ ಒಂದಿಷ್ಟು ಅಕ್ಕಿ ನೆಲಕ್ಕೆ ಚೆಲ್ಲಿತು, ಕಾಯಿ ಮೇಜಿನ ಕೆಳಕ್ಕೆ ಉರುಳಿಹೋಯಿತು.

"ಅಯ್ಯೋ ಬಿಡ್ರಿ, ಅಕ್ಕಗ ಯಾಕ ಹೊಡಿತೀರಿ?" ಆಫೀಸಿನ ಹುಡುಗಿ ಖುಷ್ನುಮಾ ಅಡ್ಡ ಬಂದಳು. ಹುಲುಗಣ್ಣ ಅವಳನ್ನು ನೂಕಿದ ರಭಸಕ್ಕೆ ಗೋಡೆಗೆ ತಲೆ ಬಡಿದುಕೊಂಡು ಕುಸಿದಳು. ಉಳಿದಿಬ್ಬರು ಮೆಟ್ಟಿಲಿಳಿದು ಓಡಿದರು. ಕೊಟ್ರಮ್ಮ ತಟ್ಟೆಯನ್ನು ಎದೆಗವಚಿಕೊಂಡು ಬಾಗಿಲ ಮೂಲೆಗೆ ಸರಿದಳು. ಗಂಡನ ಕೈ ಏನೆಂಬುದು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ.

"ಮಾಡ್ತಿಯೋ ಇಲ್ಲೋ?" ಒಂದು ಕಂಪ್ಯೂಟರನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದ. "ಮಾಡ್ತಿಯೋ ಇಲ್ಲೋ?" ಇನ್ನೊಂದನ್ನು ಕಾಲಿನಿಂದ ಒದ್ದ. ಗಾಜು ಅಕ್ಕಿಯ ಮೇಲೆ ಬಿತ್ತು. ಆಮೇಲೆ ಮೊಣಕಾಲೂರಿ, ತಂಗಿಯ ಬಲಗೈಯನ್ನು ಎಳೆದು, ಬೆರಳ ನಡುವೆ ಪೆನ್ನು ತುರುಕಿ, ಹಾಳೆಯ ಮೇಲೆ ಒತ್ತಿದ. ಅವಳು ಮುಷ್ಟಿ ಕಟ್ಟಿದಳು. ಅವನು ಒಂದೊಂದೇ ಬೆರಳು ಬಿಡಿಸತೊಡಗಿದ. ಕಿರುಬೆರಳು ಮುರಿದ ಸದ್ದು ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು.

ಶಿವಲೀಲಾಳ ಎಡಗೈ ಮೇಜಿನ ಕೆಳಗೆ ತಡಕಾಡಿ ಕಾಯಿಯ ಜುಟ್ಟು ಹಿಡಿಯಿತು.

ಹಣೆಯ ನಡುವೆ ಬಿದ್ದ ಮೊದಲ ಪೆಟ್ಟಿಗೆ ಹುಲುಗಣ್ಣ ಕೈಬಿಟ್ಟು ಕೂತ, ಏನಾಯಿತು ಅಂತ ತಿಳಿಯದವನ ಹಾಗೆ. ಎರಡನೆಯದಕ್ಕೆ ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. "ಯವ್ವಾ!" ಅಂತ ಅಂಗಾತ ಬಿದ್ದ. ಮೂರನೆಯದು ಬೇಕಿರಲಿಲ್ಲ. ಆದರೂ ಎದ್ದು ನಿಂತು, ಬಾಗಿ, ಬಾಯಿಯ ಮೇಲೆ ಹೊಡೆದಳು. ಹೊಡೆದದ್ದಕ್ಕೆ ಹಾಯ್ ಅನಿಸಿತು. ನಾಲ್ಕನೆಯದಕ್ಕೆ ಎತ್ತಿದ ಕೈಯನ್ನು ಹಿಂದಿನಿಂದ ಯಾರೋ ಹಿಡಿದರು. ಹುಡುಗಿಯರ ಕೂಗು ಕೇಳಿ ಓಡಿಬಂದ ದಸ್ತಗಿರಿ. ಅವನ ಅಂಗೈಯಲ್ಲಿ ವೈಂಡಿಂಗ್ ವಾರ್ನಿಷಿನ ಅಂಟಿತ್ತು.

"ಸಾಕು ಬಿಡವ್ವ. ಸತ್ತುಹೋದಾನು. ಇಂಥವನ ಸಲುವಾಗಿ ನೀನ್ಯಾಕ ಜೈಲಿಗೆ ಹೋಗಬೇಕು?"

ಅವಳು ಕೈ ಇಳಿಸಿದಳು. ದಸ್ತಗಿರಿ ಅಂಗಡಿಯವರನ್ನು ಕರೆಸಿ ಹುಲುಗಣ್ಣನನ್ನು ಎತ್ತಿಸಿದ. ಬಾಯಿ ತುಂಬ ರಕ್ತ, ಎರಡು ಹಲ್ಲು ನೆಲದ ಮೇಲಿದ್ದವು. ಮೆಟ್ಟಿಲು ಇಳಿಯುವಾಗಲೂ "ಫ್ಲೆಕ್ಸ್... ಫ್ಲೆಕ್ಸ್ ಹಾಕೀನಲೇ..." ಅಂತ ತೊದಲುತ್ತಿದ್ದ. ಆಟೊ ಆಸ್ಪತ್ರೆಯ ಕಡೆಗೆ ಹೋಯಿತು. ಪೊಲೀಸರು ಕೇಳಿದರೆ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ ಅಂತ ದಸ್ತಗಿರಿ ಹೇಳಿ ಹೋದ.

ಉಳಿದ ಎರಡು ಕಂಪ್ಯೂಟರಿನಲ್ಲಿ ಒಂದರ ಪಕ್ಕದಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಖುಷ್ನುಮಾ ಹಣೆಯ ಬುಗುಟನ್ನು ಒಂದು ಕೈಯಲ್ಲಿ ಒತ್ತಿಕೊಂಡು ಎತ್ತಿದಳು. "ಹೇಳ್ರಿ... ಎಷ್ಟು ಕುರಿ? ಅಳಬ್ಯಾಡ್ರಿ ಯಜ್ಜಾ, ಕಿವಿ ನಂಬರ್ ಹೇಳ್ರಿ ಮೊದಲು." ಒಂದೊಂದೇ ನಂಬರು ಬರೆದುಕೊಂಡಳು.

ಶಿವಲೀಲಾ ಕುರ್ಚಿ ಎತ್ತಿ ನಿಲ್ಲಿಸಿ ಕೂತಳು. ಬಲಗೈ ಊದಿ ದಪ್ಪಗಾಗಿತ್ತು. ಆಗಲೇ ಗೊತ್ತಾದದ್ದು, ಕೊಟ್ರಮ್ಮ ಇನ್ನೂ ಹೋಗಿಲ್ಲ. ಮೂಲೆಯಿಂದ ಬಂದು ಎದುರಿಗೆ ನಿಂತು ತಟ್ಟೆ ಚಾಚಿದಳು.

"ಮೂರು ಹಿಡಿ ಹಾಕವ್ವ," ಅಂದಳು. ಧ್ವನಿ ಇರಲೇ ಇಲ್ಲ, ಬರೀ ಉಸಿರು. "ಆಗಿದ್ದು ಆತು. ಖಾಲಿ ತಟ್ಟಿ ಒಯ್ದ್ರ ಮನಿಗೆ ಒಳ್ಳೇದಲ್ಲ. ಮಕ್ಕಳು ಅದಾವ."

"ಬಲಗೈ ಬರಂಗಿಲ್ಲ ಅತ್ತಿಗಿ."

"ಎಡಗೈಲೇ ಹಾಕು."

ಶಿವಲೀಲಾ ಉಡಿಯಲ್ಲಿ ಉಳಿದಿದ್ದ ಅಕ್ಕಿಗೆ ಎಡಗೈ ಹಾಕಿ ಒಂದು ಹಿಡಿ ತಟ್ಟೆಗೆ ಸುರಿದಳು. ಎರಡು. ಮೂರು. ಕೊಟ್ರಮ್ಮ ಕಣ್ಣಿಗೊತ್ತಿಕೊಂಡು ತಟ್ಟೆ ಹಿಂದಕ್ಕೆಳೆದಳು. ಶಿವಲೀಲಾ ಅದರ ಅಂಚು ಹಿಡಿದು ನಿಲ್ಲಿಸಿದಳು. ನಾಲ್ಕು. ಐದು.

"ಬ್ಯಾಡವ್ವ," ಅಂದಳು ಕೊಟ್ರಮ್ಮ. "ಬ್ಯಾಡ, ನಿನ್ನ ಕಾಲು ಬೀಳ್ತೀನಿ, ಸಾಕು."

ಆರು. ಏಳು. ಅಡಿಕೆ ಹಾಕಿದಳು, ಅರಿಷಿಣದ ಕೊಂಬು ಹಾಕಿದಳು, ಖಣ ಮಡಿಚಿ ಇಟ್ಟಳು. ಕೆಳಗೆ ಕೂತು, ಗಾಜಿನ ಚೂರುಗಳ ನಡುವೆ ಚೆಲ್ಲಿದ್ದನ್ನೂ ಬೆರಳ ತುದಿಯಿಂದ ಬಳಿದು ಹಾಕಿದಳು. ಕೊನೆಗೆ ರಕ್ತಕ್ಕೆ ಕೆಂಪಾಗಿದ್ದ ಕಾಯಿಯನ್ನು ಅಕ್ಕಿಯ ಮೇಲಿಟ್ಟಳು. ಕೊಟ್ರಮ್ಮನ ಕೈ ಭಾರಕ್ಕೆ ಇಳಿಯಿತು. ಅವಳು ಬಾಯಿಗೆ ಸೆರಗು ಒತ್ತಿಕೊಳ್ಳುವುದಕ್ಕೂ ಕೈ ಬಿಡುವಿರಲಿಲ್ಲ, ಹಾಗೇ ಅಳುತ್ತಾ ಮೆಟ್ಟಿಲಿಳಿದಳು.

ಶಿವಲೀಲಾ ಕಿಟಕಿಯ ಹತ್ತಿರ ಹೋಗಿ ಸೆರಗನ್ನು ಎಡಗೈಯಲ್ಲಿ ಹಿಡಿದು ಒಂದು ಸಲ ಒದರಿದಳು. ನಾಲ್ಕು ಕಾಳು ಬಿದ್ದವು. ಮತ್ತೊಂದು ಸಲ ಒದರಿದಳು. ಏನೂ ಬೀಳಲಿಲ್ಲ.