ಕಾರಿನ ಮಾಳಿಗೆ

ಭಾನಾಪುರದ ಹತ್ತಿರ ಹಂಪ್ ಮೇಲೆ ಗಾಡಿ ಎಗರಿದ್ದೇ ತಡ, ಕಾರಿನ ಒಳಛಾವಣಿಗೆ ಚುಚ್ಚಿದ್ದ ಪಿನ್ನುಗಳೆಲ್ಲ ಕಿತ್ತುಕೊಂಡು, ಜೋತುಬಿದ್ದಿದ್ದ ಬಟ್ಟೆ ಹಿಂದೆ ಕುಳಿತ ಮೂವರು ಟೀಚರುಗಳ ತಲೆಯ ಮೇಲೆ ಒಟ್ಟಿಗೇ ಬಿತ್ತು.

"ದುರಗವ್ವಾ, ಗಾಡಿ ನಿಂದ್ರಸು!" ಶೈಲಶ್ರೀ ಟೀಚರ ದನಿ ಬಟ್ಟೆಯೊಳಗಿನಿಂದ ಬಂತು.

ದುರಗಮ್ಮ ಪಕ್ಕಕ್ಕೆ ನಿಲ್ಲಿಸಿ ಹಿಂದಿನ ಬಾಗಿಲು ತೆಗೆದು ಬಟ್ಟೆ ಎತ್ತಿದಳು. ಒಳಗಿನ ಸ್ಪಂಜು ಪುಡಿಯಾಗಿ, ಮೂವರ ತಲೆ, ಹೆಗಲು, ಸೀರೆಯ ನೆರಿಗೆ ಎಲ್ಲ ಹಳದಿಯಾಗಿತ್ತು.

"ನೋಡವಾ ಇಲ್ಲೆ. ನಮ್ಮ ಸಾಲಿ ಹುಡುಗ್ರು ನಿನ್ನಿ ಏನಂದ್ವು ಗೊತ್ತೈತೇನು? ಟೀಚರ್ ದಿನಾ ಜಾತ್ರ್ಯಾಗ ಭಂಡಾರ ಆಡಿ ಬರ್ತಾರ ಅಂದ್ವು!"

ಉಳಿದವರು ಕಿಸಕ್ಕನೆ ನಕ್ಕರು. ದುರಗಮ್ಮನಿಗೂ ನಗೆ ಬಂತು. ಶೈಲಶ್ರೀ ಮಾತ್ರ ನಗಲಿಲ್ಲ.

"ಮೂರು ತಿಂಗಳಾತು ಹೇಳಾಕತ್ತು. ಉಮಾಪತಿ ಹೊಸಾ ವ್ಯಾನ್ ತಂದಾನ, ಸೋಮವಾರದಿಂದ ಬರ್ತೀನಿ ಅಂದಾನ. ಅವತ್ತು ನಿನ್ನ ಗಾಡಿ ಹಿಂಗ ಇದ್ರ ನಾವು ಅದನ್ನ ಹತ್ತೋರು. ಬ್ಯಾಸರ ಮಾಡ್ಕೋಬ್ಯಾಡ."

ಅವತ್ತು ಶನಿವಾರ. ಭಾಗ್ಯನಗರದಿಂದ ಯಲಬುರ್ಗಾ ಕಡೆಯ ಹಳ್ಳಿ ಶಾಲೆಗಳಿಗೆ ಹಿಂದಿನ ಮೂವರು, ಮುಂದಿನ ಸೀಟಿನ ಒಬ್ಬರು, ಈ ನಾಲ್ವರು ಟೀಚರುಗಳನ್ನು ಕರೆದೊಯ್ಯತೊಡಗಿ ದುರಗಮ್ಮನಿಗೆ ಐದು ವರ್ಷ. ಅದಕ್ಕೂ ಮೊದಲು ಅವಳು ತಲೆಗೂದಲು ಕೊಂಡು ಮಾರುವವರ ಶೆಡ್ಡಿನಲ್ಲಿ ಕೂದಲಿನ ಗಂಟು ಬಿಡಿಸುತ್ತ ಕೂರುತ್ತಿದ್ದಳು. ಬೆನ್ನು ಹಿಡಿಯುವ ಕೆಲಸ. ಮನೆಗೆ ಬಂದು ಉಣ್ಣಲು ಕೂತರೆ ತುತ್ತಿನಲ್ಲೂ ಕೂದಲು. ಡ್ರೈವಿಂಗ್ ಕಲಿತ ಹೊಸದರಲ್ಲಿ ಸ್ಟ್ಯಾಂಡಿನ ಗಂಡಸರು "ದಾರಿ ಬಿಡ್ರೋ, ದುರಗವ್ವ ತೇರು ಎಳ್ಕೊಂಡು ಬಂದ್ಲು" ಎಂದು ಕೂಗುತ್ತಿದ್ದರು. ಆಗ ನಂಬಿ ಹತ್ತಿದವರು ಈ ನಾಲ್ವರೇ. ಇವರೂ ಇಳಿದುಹೋದರೆ ಮತ್ತೆ ಆ ಶೆಡ್ಡೇ ಗತಿ.

ಸಂಜೆ ಕೊಪ್ಪಳದ ಕುಶನ್ ಅಂಗಡಿಯವನು ಗಾಡಿಯೊಳಗೆ ಇಣುಕಿ, "ಮೂರು ದಿನ ಬಿಟ್ಟು ಹೋಗ್ರಿ" ಎಂದ. ದುರಗಮ್ಮ ಗಾಡಿ ಬಿಡಲಿಲ್ಲ. ಸ್ಪಂಜು ಹಚ್ಚಿದ ಬಟ್ಟೆಯನ್ನು ಬೇಕಾದುದಕ್ಕಿಂತ ಒಂದು ಮೊಳ ಹೆಚ್ಚು ಹರಿಸಿಕೊಂಡು, ಅಂಟಿನ ಡಬ್ಬಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದಳು.

ಭಾನುವಾರ ಮುಂಜಾನೆ ಗಿಣಿಗೇರಿಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಗಂಡ ಬಾಲಪ್ಪ, ಮನೆಯ ಮುಂದೆ ಕಾರು ನಾಲ್ಕೂ ಬಾಗಿಲು ತೆರೆದು ನಿಂತಿದ್ದನ್ನು ಕಂಡು ಸೈಕಲ್ಲಿನಿಂದ ಇಳಿಯುವುದನ್ನೇ ಮರೆತ.

"ಏನ್ ನಡಸೀಯವಾ ಇದು?"

"ಬಟ್ಟಿ ಹಚ್ಚಿದ ಮ್ಯಾಲಿನ ರಟ್ಟು ಹೊರಗ ತಗೀಬೇಕ್ರಿ. ಒಂದ್ ಕಡಿ ಹಿಡೀರಿ."

"ಮನಿ ಮಾಳಗಿ ಆಗಿದ್ರ ಎರಡು ಬುಟ್ಟಿ ಮಣ್ಣು ಏರಿಸಿ ಕೊಡ್ತಿದ್ದೆ. ಕಾರಿಂದು ನಮಗೇನ್ ತಿಳೀತೈತಿ? ಗ್ಯಾರೇಜಿನವ್ರು ಕಡ್ಲಿ ತಿನ್ನಾಕ ಕುಂತಾರೇನು?"

"ಅವ್ರು ಮೂರು ದಿನ ತಿಂತಾರಂತ. ನನ್ನ ಹತ್ರ ಒಂದ ದಿನ ಐತಿ."

ಬಾಲಪ್ಪ ಗೊಣಗುತ್ತಲೇ ಬಂದು ಹಿಡಿದ. ಹಿಡಿಕೆಗಳು, ದೀಪ, ಬಿಸಿಲಿಗೆ ಅಡ್ಡ ಹಿಡಿಯುವ ಹಲಗೆಗಳು ಎಲ್ಲ ಕಳಚಿದ್ದವು. ಮುಂದಿನ ಸೀಟುಗಳನ್ನು ಹಿಂದಕ್ಕೆ ಮಲಗಿಸಿ, ಡಿಕ್ಕಿಯ ಬಾಗಿಲಿನಿಂದ ರಟ್ಟನ್ನು ಸ್ವಲ್ಪ ಸ್ವಲ್ಪವೇ ಹೊರಗೆಳೆದರು. ಹೆಚ್ಚು ಬಗ್ಗಿಸಿದರೆ ಮುರಿಯುತ್ತದೆ, ಮುರಿದರೆ ಮುಗಿಯಿತು. ಅಂಗಳದಲ್ಲಿದ್ದ ಮಂಚದಂಥ ಹೊರಸಿನ ಮೇಲಿಟ್ಟು, ಹಳೆಯ ಬಟ್ಟೆ ಸುಲಿದು, ಉಳಿದ ಸ್ಪಂಜನ್ನು ಬಟ್ಟೆ ತೊಳೆಯುವ ಬ್ರಷ್ಷಿನಿಂದ ತಿಕ್ಕಿ ತಿಕ್ಕಿ ತೆಗೆದಳು. ಅಷ್ಟರಲ್ಲಿ ಗಾಳಿ ಎದ್ದು ಓಣಿಯ ಧೂಳೆಲ್ಲ ಅಂಗಳಕ್ಕೆ ಬರತೊಡಗಿತು. ಬಾಲಪ್ಪ ಒಳಗಿನಿಂದ ತನ್ನ ಬಿಳಿ ಧೋತರ ತಂದು ರಟ್ಟಿನ ಮೇಲೆ ಉದ್ದಕ್ಕೂ ಹೊದಿಸಿದ. ಇಬ್ಬರೂ ಆಚೆಗೊಬ್ಬರು ಈಚೆಗೊಬ್ಬರು ಹೊರಸು ಹಿಡಿದು ಗೋಡೆಯ ಮರೆಗೆ ಹೊತ್ತೊಯ್ದರು.

ಎದುರು ಮನೆಯ ಹಸೀನಾಬೇಗಂ ಇದನ್ನು ನೋಡಿ ಕೈಯಲ್ಲಿದ್ದ ಕೊಡ ಅಲ್ಲೇ ಇಟ್ಟಳು. ಎರಡು ನಿಮಿಷದಲ್ಲಿ ಓಣಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಬಂದು ನಿಂತರು. ಓಣಿಯ ಮೂಲೆಯಲ್ಲಿ ಪಂಚರ್ ಅಂಗಡಿ ಇಟ್ಟ, ಹಸೀನಾಬೇಗಂಳ ಗಂಡ ಜಿಲಾನಸಾಬ ಚಪ್ಪಲಿ ಹೊರಗೇ ಬಿಟ್ಟು ತಲೆ ತಗ್ಗಿಸಿ ಒಳಬಂದು ಬಾಲಪ್ಪನ ಹೆಗಲ ಮೇಲೆ ಕೈಯಿಟ್ಟ.

"ಸಬರ್ ಮಾಡು ತಮ್ಮಾ, ಧೈರ್ಯಾ ತಗೋ. ನಿಮ್ಮವ್ವ ಭಾಳ ಛಲೋ ಹೆಣ್ಣಮಗಳು. ಯಾವಾಗ ಆತು?"

ಬಾಲಪ್ಪ ಕಣ್ಣುಕಣ್ಣು ಬಿಟ್ಟ. ಆಗ ಪಡಸಾಲೆಯಿಂದ ಕೋಲೂರಿಕೊಂಡು ಎಂಬತ್ತು ದಾಟಿದ ಅವನವ್ವ ಹುಲಗಮ್ಮನೇ ಬಂದು ಹೊಸ್ತಿಲಲ್ಲಿ ನಿಂತಳು.

"ಯಾರು ಹೋದ್ರೋ ಜಿಲಾನ? ನನಗ್ಯಾರೂ ಹೇಳವಲ್ರಲ್ಲೋ!"

ಓಣಿಗೆ ಓಣಿಯೇ ನಕ್ಕಿತು. ಹಸೀನಾಬೇಗಂ ನಗುತ್ತ ನಗುತ್ತ ಅಲ್ಲೇ ಕುಕ್ಕರಿಸಿದಳು. ಹುಲಗಮ್ಮ ಧೋತರ ಸರಿಸಿ ರಟ್ಟನ್ನು ನೋಡಿ, "ನಾ ಇದಕಿಂತ ದಪ್ಪ ಅದೀನಿ" ಎಂದು ಒಳಗೆ ಹೋದಳು.

ನಗೆ ಮುಗಿದರೂ ಜನ ಹೋಗಲಿಲ್ಲ. ಅಷ್ಟು ಕಣ್ಣುಗಳ ಮುಂದೆ ದುರಗಮ್ಮ ರಟ್ಟಿನ ಮುಂದಂಚಿಗೆ ಅಂಟು ಬಳಿದು, ಬಟ್ಟೆಯ ತುದಿ ಒತ್ತಿ, ಹಿಂದಂಚಿನ ಕಡೆಗೆ ಸವರುತ್ತ ಹೊರಟಳು. ಒಂದು ಗೇಣು ಚೆನ್ನಾಗಿಯೇ ಕೂತಿತು. ರಟ್ಟು ತಗ್ಗಾಗುವ ಜಾಗ ಬಂದದ್ದೇ ಬಟ್ಟೆ ಜಾರಿತು, ನೆರಿಗೆಗಟ್ಟಿತು, ಹಸಿ ಅಂಟು ಸ್ಪಂಜಿನೊಳಗೆ ಇಳಿದು ಹೊರಗೆ ಕಪ್ಪು ಕಲೆಯಾಗಿ ಮೂಡಿತು.

"ನಾ ಹೇಳಿದ್ನಿಲ್ಲ?" ಎಂದ ಬಾಲಪ್ಪ ಮೆಲ್ಲಗೆ.

ದುರಗಮ್ಮ ಬಟ್ಟೆಯನ್ನು ಹಿಂದಕ್ಕೆ ಸುಲಿದಳು. ಅಂಟಾಗಿ ಕೆಟ್ಟ ತುದಿಯನ್ನು ಅಂಚಿನಾಚೆ ಬಿಟ್ಟರೆ ಹೆಚ್ಚಿಗೆ ತಂದ ಮೊಳದಲ್ಲಿ ಸರಿಹೋಗುತ್ತದೆ. ಇನ್ನೊಮ್ಮೆ ತಪ್ಪಿದರೆ ಬಟ್ಟೆ ಸಾಲದು. ಅವಳು ಅಂಟಾದ ಬೆರಳುಗಳನ್ನು ಒಂದಕ್ಕೊಂದು ತಾಗಿಸಿ ಬಿಡಿಸಿ ನೋಡುತ್ತ ಕೂತಳು. ಜಿಲಾನಸಾಬನ ಅಂಗಡಿಯ ಅದೇ ವಾಸನೆ. ಎಷ್ಟು ಸಲ ಪಂಚರಾದ ಗಾಡಿಯ ಪಕ್ಕ ನಿಂತು, ತಡವಾಯಿತೆಂದು ಚಡಪಡಿಸುತ್ತ ಈ ವಾಸನೆ ಕುಡಿದಿಲ್ಲ!

"ಮಾಮಾ, ನೀವು ಟ್ಯೂಬಿಗೆ ಸಲೂಶನ್ ಹಚ್ಚಿ ಉಫ್ ಉಫ್ ಅಂತ ಊದಿಕೋತ ಕುಂದ್ರತೀರಲ್ಲ, ಯಾಕ?"

"ಹಸಿ ಇದ್ದಾಗ ಒತ್ತಿದ್ರ ಪ್ಯಾಚು ಜಾರತೈತಿ ಬೇಟಿ. ಬೆರಳಿಗೆ ಹತ್ತಬಾರದು, ಅಷ್ಟು ಒಣಗಬೇಕು. ಪ್ಯಾಚಿಗೂ ಹಚ್ಚಬೇಕು, ಟ್ಯೂಬಿಗೂ ಹಚ್ಚಬೇಕು. ಆಮ್ಯಾಲ ಕೂಡಿದ್ರ ದೇವರು ಬಂದ್ರೂ ಬಿಡಂಗಿಲ್ಲ." ಹೇಳುತ್ತಿದ್ದಂತೆಯೇ ಅವನಿಗೆ ಅರ್ಥವಾಗಿ, "ಅರೆ!" ಎಂದ.

ಈ ಸಲ ಅವಳು ಬಟ್ಟೆಯನ್ನು ರಟ್ಟಿನ ಮೇಲೆ ಸಮನಾಗಿ ಹಾಸಿ ಅರ್ಧ ಮಡಚಿದಳು. ನಡುವಿನಿಂದ ಶುರುಮಾಡಿ ರಟ್ಟಿಗೂ ಬಟ್ಟೆಯ ಬೆನ್ನಿಗೂ ತೆಳ್ಳಗೆ ಬಳಿದಳು. ಬಳಿದು ಕೈ ಕಟ್ಟಿ ಕೂತಳು. ಬಾಲಪ್ಪ, "ಹಾಕವಾ, ಒಣಗಾಕತ್ತೈತಿ" ಎಂದರೆ, "ಒಣಗಲಿ" ಎಂದಳು. ಹಸೀನಾಬೇಗಂ ಚಹಾ ತಂದಳು. ಲೋಟ ಖಾಲಿಯಾಗುವ ಹೊತ್ತಿಗೆ ಬೆರಳಿಟ್ಟರೆ ಹತ್ತುತ್ತಿರಲಿಲ್ಲ. ಆಗ ಎದ್ದಳು. ಮೊದಲು ತಗ್ಗುಗಳಿಗೆ ಅಂಗೈ ಒತ್ತಿ, ಆಮೇಲೆ ಅಂಚಿನ ಕಡೆಗೆ, ಒಂದೂ ಗುಳ್ಳೆ ಏಳದಂತೆ, ಉಸಿರು ಹಿಡಿದು ಸವರುತ್ತ ಹೋದಳು. ಬಟ್ಟೆ ಕೂತಿತು. ಉಳಿದರ್ಧವೂ ಕೂತಿತು. ಮೂಲೆಯ ತಿರುವಿನಲ್ಲಿ ಸಹ ನೆರಿಗೆಯಿಲ್ಲ. ಅವಳು ಉಗುರಿನಿಂದ ಅಂಚನ್ನು ಕೆದಕಿದಳು, ಏಳಲಿಲ್ಲ. ಬಾಲಪ್ಪ ಎರಡೂ ಕೈಯಿಂದ ಎಳೆದು ನೋಡಿದ, ಏಳಲಿಲ್ಲ.

"ಏ, ಬಿಡಂಗಿಲ್ಲ ಬಿಡ್ರೋ!" ಎಂದು ಅವನೇ ಎಲ್ಲರಿಗಿಂತ ಜೋರಾಗಿ ಕೂಗಿದ.

ದೀಪದ ಜಾಗ ಬ್ಲೇಡಿನಿಂದ ಕೊರೆದು, ಹೊತ್ತು ಇಳಿಯುವಾಗ ರಟ್ಟನ್ನು ಗಾಡಿಯೊಳಗೆ ಸೇರಿಸಿದರು. ಬಾಲಪ್ಪ ಹಿಂದೆ, ಜಿಲಾನಸಾಬ ಮುಂದೆ, ಇಬ್ಬರೂ ತಲೆಯಿಂದಲೇ ರಟ್ಟನ್ನು ಎತ್ತಿ ಹಿಡಿದು ಕತ್ತು ನುಲಿಯುತ್ತಿದ್ದರೆ ದುರಗಮ್ಮ ಒಂದೊಂದೇ ಸ್ಕ್ರೂ ಬಿಗಿದಳು.

"ಲಗೂ ಮಾಡವಾ, ನಾ ಗಿಡ್ಡ ಆಗಾಕತ್ತೀನಿ" ಎಂದ ಬಾಲಪ್ಪ.

ಸೋಮವಾರ ಏಳೂವರೆಗೆ ಶೈಲಶ್ರೀ ಬಾಗಿಲು ತೆಗೆದವಳು ಒಳಗೆ ಕೂರದೆ ಬಗ್ಗಿ ಮೇಲೆ ನೋಡಿದಳು. ಕೈಯಾಡಿಸಿದಳು. ಬೆರಳ ತುದಿ ನೋಡಿಕೊಂಡಳು.

"ಯಾವ ಗ್ಯಾರೇಜಿನ್ಯಾಗ ಮಾಡಿಸಿದಿ?"

"ನಮ್ಮ ಅಂಗಳದಾಗ ರೀ. ನಾನ ಮಾಡಿದ್ದು."

"ಸುಳ್ಳ ಹೇಳಬ್ಯಾಡ."

ದುರಗಮ್ಮ ಎರಡೂ ಅಂಗೈ ಚಾಚಿ ತೋರಿಸಿದಳು. ಎಷ್ಟು ತೊಳೆದರೂ ಹೋಗದ ಅಂಟು ಉಗುರಿನ ಸಂದಿಯಲ್ಲಿ ಕಪ್ಪಗೆ ಕೂತಿತ್ತು. ಶೈಲಶ್ರೀ ಆ ಕೈಗಳನ್ನು ಒಂದು ಗಳಿಗೆ ನೋಡಿ, ಫೋನ್ ತೆಗೆದಳು. "ಹಲೋ, ಉಮಾಪತಿ ಏನ್ರಿ? ಬರೂದು ಬ್ಯಾಡ್ರಿ. ಹೂಂ, ಇವತ್ತಷ್ಟ ಅಲ್ಲ. ನಮಗ ಗಾಡಿ ಐತ್ರಿ."

ಕುಕನೂರು ದಾಟುವ ಹೊತ್ತಿಗೆ ಹಿಂದಿನ ಸೀಟಿನ ಮಾತು ತಣ್ಣಗಾಗಿತ್ತು. ಮುಂದೆ ಕುರಿಹಿಂಡೊಂದು ರಸ್ತೆಯ ತುಂಬ ಹರಡಿಕೊಂಡು ಬರುತ್ತಿತ್ತು. ಹಾರ್ನಿನ ಮೇಲೆ ಕೈಯಿಟ್ಟ ದುರಗಮ್ಮ ಕನ್ನಡಿಯಲ್ಲಿ ಹಿಂದೆ ನೋಡಿದಳು. ಶೈಲಶ್ರೀ ಟೀಚರು ಸೀಟಿಗೆ ತಲೆಯಾನಿಸಿ, ಬಾಯಿ ತುಸು ತೆರೆದು ನಿದ್ದೆಹೋಗಿದ್ದಳು. ದುರಗಮ್ಮ ಕೈ ಹಿಂದಕ್ಕೆ ತೆಗೆದುಕೊಂಡು ಗಾಡಿಯನ್ನು ಮೆಲ್ಲಗೆ ನಿಲ್ಲಿಸಿದಳು. ಕುರಿಗಳು ಬಾನೆಟ್ಟಿಗೆ ಮೈ ಉಜ್ಜುತ್ತ ಎರಡೂ ಬದಿಯಿಂದ ಹಾಯ್ದುಹೋದವು. ಕೊನೆಯ ಮರಿ ದಾಟುವವರೆಗೂ ಅವಳು ಹಾಗೇ ಕೂತಿದ್ದಳು.